ಕಲಬುರಗಿ ಬಿಸಿಲಲ್ಲಿ ಸೀಳಿದ ದತ್ತಾತ್ರೇಯ: ಬೀಟೆ ಇನ್ಲೇ ಫಲಕವೊಂದರ ಪ್ರಕರಣ

ಹಿನ್ನೆಲೆ

ದತ್ತಕ್ಷೇತ್ರ ಗಾಣಗಾಪುರಕ್ಕೆ ತಲೆಮಾರುಗಳಿಂದ ನಡೆದುಕೊಳ್ಳುವ ಕಲಬುರಗಿಯ ಕುಟುಂಬವೊಂದು ಹೊಸ ಮನೆಯ ದೇವರ ಕೋಣೆಗೆ ದತ್ತಾತ್ರೇಯನ ಬೀಟೆ ಮರದ ಇನ್ಲೇ (ಮರದಲ್ಲಿ ಗುಳಿ ತೋಡಿ ಬೇರೆ ಬಣ್ಣದ ತುಂಡು ಕೂರಿಸಿ ಚಿತ್ರ ಮಾಡುವ ಕೆಲಸ) ಫಲಕವನ್ನು ಮೈಸೂರಿನಲ್ಲಿ ಹೇಳಿ ಮಾಡಿಸಿತು. ಎತ್ತರ ನಾಲ್ಕು ಅಡಿ, ಅಗಲ ಮೂರು ಅಡಿ. ಮೂರು ಮುಖ, ಆರು ಕೈ. ಕೆಳಗಿನ ಕೈಗಳಲ್ಲಿ ಜಪಮಾಲೆ ಮತ್ತು ಕಮಂಡಲು, ನಡುವೆ ಡಮರು ಮತ್ತು ತ್ರಿಶೂಲ, ಮೇಲೆ ಶಂಖ ಚಕ್ರ. ಹಿಂದೆ ಔದುಂಬರ (ಅತ್ತಿ) ಮರ ಮತ್ತು ಹಸು, ಕಾಲ ಬಳಿ ನಾಲ್ಕು ನಾಯಿ. ಕುಟುಂಬದ ಹಾಗೂ ಕುಶಲಕರ್ಮಿಯ ಗುರುತನ್ನು ಇಲ್ಲಿ ಬಿಟ್ಟಿದೆ.

ಫಲಕದ ಕಟ್ಟಣೆ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಈಗ ಮೈಸೂರಿನಿಂದ ಬರುವ ಅನೇಕ ಫಲಕಗಳು ಪ್ಲೈವುಡ್ ಮೇಲೆ ಬೀಟೆಯ ತೆಳು ಹೊದಿಕೆ ಅಂಟಿಸಿದವು. ಈ ಮನೆಯವರು ಅದನ್ನು ಒಪ್ಪಲಿಲ್ಲ. ಪ್ಲೈ ಬೇಡ, ಅಪ್ಪಟ ಬೀಟೆಯೇ ಬೇಕೆಂದರು. ಹಾಗಾಗಿ ಒಂಬತ್ತು ಇಂಚು ಅಗಲ, 18 ಮಿಲಿಮೀಟರ್ ದಪ್ಪದ ನಾಲ್ಕು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ತಳ ಮಾಡಲಾಯಿತು. ಮರದ ಎಳೆ ಮೇಲಿನಿಂದ ಕೆಳಕ್ಕೆ. ಹಿಂಬದಿಗೆ ಎರಡು ತೇಗದ ಅಡ್ಡಪಟ್ಟಿಗಳನ್ನು ಅಂಟು ಹಚ್ಚಿ ಸ್ಕ್ರೂ ಬಿಗಿದು ಕೂರಿಸಿದ್ದರು. ಮುಂಬದಿಗೆ ಮೆಲಮೈನ್ ಪಾಲಿಷ್ ಆಗಿತ್ತು, ಹಿಂಬದಿ ಬರಿ ಮರ.

ಇನ್ಲೇ ತುಂಡುಗಳು ಮೂರು ಮಿಲಿಮೀಟರ್ ದಪ್ಪ. ತಳದಲ್ಲಿ ಎರಡೂವರೆ ಮಿಲಿಮೀಟರ್ ಗುಳಿ ತೋಡಿ, ಅಂಟಿನಲ್ಲಿ ಕೂರಿಸಿ, ಮೇಲೆ ಉಳಿದ ಅರ್ಧ ಮಿಲಿಮೀಟರನ್ನು ಹೆರೆದು ಸಮ ಮಾಡುವುದು ರೂಢಿ. ಬಣ್ಣ ಬಳಿಯುವುದಿಲ್ಲ, ಮರದ ಸ್ವಂತ ಬಣ್ಣವೇ ಕೆಲಸ ಮಾಡಬೇಕು. ಆಭರಣಕ್ಕೆ ಹಲಸಿನ ಹಳದಿ, ಕಾವಿ ಬಟ್ಟೆಗೆ ಕೆಂಪು ದೇವದಾರು, ಔದುಂಬರದ ಎಲೆಗೆ ಸಂಪಿಗೆಯ ಹಸಿರು ಛಾಯೆ, ಜಟೆಗೆ ಕರಿಮರ. ಕಣ್ಣು, ಹುಬ್ಬು, ಬೆರಳಿನ ಗೆರೆಗಳನ್ನು ಕೊನೆಗೆ ಮಸಿಯಲ್ಲಿ ಬರೆಯುತ್ತಾರೆ. ಮುಖ, ಕೈ, ಶಂಖ ಮಾತ್ರ ಬಿಳಿ ಪ್ಲಾಸ್ಟಿಕ್. ಒಂದು ಕಾಲಕ್ಕೆ ಆ ಜಾಗದಲ್ಲಿ ದಂತ ಇರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1986, 1991ರಲ್ಲಿ ಬಂದ ತಿದ್ದುಪಡಿಗಳ ನಂತರ ದಂತದ ವ್ಯಾಪಾರ ನಿಂತಿತು, ಪ್ಲಾಸ್ಟಿಕ್ ಬಂತು. ಮನೆಯಲ್ಲಿ ಹಳೆಯ ಫಲಕ ಇರುವವರು ಬಿಳಿ ಭಾಗ ಯಾವುದೆಂದು ನೋಡಲು ಕಾದ ಸೂಜಿ ಚುಚ್ಚಬಾರದು. ಹತ್ತು ಪಟ್ಟಿನ ಭೂತಕನ್ನಡಿ ಸಾಕು. ಅಡ್ಡ ಕೊಯ್ದ ದಂತದ ಮೇಲೆ ಒಂದನ್ನೊಂದು ಕತ್ತರಿಸುವ ಬಾಗು ಗೆರೆಗಳ ಜಾಲ ಕಾಣುತ್ತದೆ, ಪ್ಲಾಸ್ಟಿಕ್‌ನಲ್ಲಿ ಕಾಣುವುದಿಲ್ಲ.

ಸಮಸ್ಯೆ

ಮಳೆಗಾಲದಲ್ಲಿ ಮೈಸೂರಿನಲ್ಲಿ ತಯಾರಾದ ಫಲಕ ಸಂಕ್ರಾಂತಿ ಆಸುಪಾಸಿನಲ್ಲಿ ಕಲಬುರಗಿಗೆ ಬಂದು ಪಶ್ಚಿಮದ ಗೋಡೆಗೆ ಏರಿತು. ಯುಗಾದಿ ಹೊತ್ತಿಗೆ ಎಡಮುಖದ ಕಿವಿಯ ಪಕ್ಕ ಕೂದಲೆಳೆಯಷ್ಟು ಗೆರೆ ಕಂಡಿತು. ಏಪ್ರಿಲ್ ಕೊನೆಗೆ ಅದು ಮೂರು ಮಿಲಿಮೀಟರ್ ಬಾಯಿ ತೆರೆದು ಮೇಲಿನಿಂದ ಕೆಳಗಿನವರೆಗೆ ಇಳಿದಿತ್ತು. ಇನ್ನೊಂದು ಸೀಳು ಕೂಡಿಕೆಯಲ್ಲಲ್ಲ, ಮೂರನೆಯ ಹಲಗೆಯ ನಟ್ಟನಡುವೆ, ಹಸುವಿನ ಹೊಟ್ಟೆಯ ಕೆಳಗಿನಿಂದ ಹೊರಟಿತ್ತು. ಹಸುವಿನ ಮೈ ನಡುವೆ ಉಬ್ಬಿ ತಳದಿಂದ ಎದ್ದಿತ್ತು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಎರಡು ಕೈಗಳ ಬಿಳಿ ತುಂಡುಗಳು ಬಿದ್ದೇ ಹೋಗಿದ್ದವು.

ಮನೆಯ ಹಿರಿಯರ ಮೊದಲ ಮಾತು ಮರದ ಬಗ್ಗೆ ಇರಲಿಲ್ಲ. “ಒಡದ ದೇವ್ರ ಪಟ ಮನ್ಯಾಗ ಇಡಬಾರದು, ಸಂಗಮಕ್ಕ ಬಿಟ್ಟು ಬರ್ರಿ” ಎಂದರು. ಗಾಣಗಾಪುರದ ಬಳಿಯ ಭೀಮಾ ಅಮರ್ಜಾ ಸಂಗಮದಲ್ಲಿ ವಿಸರ್ಜನೆ ಎಂಬುದು ಈ ಭಾಗದಲ್ಲಿ ಸಹಜವಾಗಿ ಬರುವ ಸಲಹೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಮನೆಯ ಪುರೋಹಿತರು ಬೇರೆ ದಾರಿ ತೋರಿದರು. ಇದು ಪ್ರಾಣಪ್ರತಿಷ್ಠೆಯಾದ ವಿಗ್ರಹ ಅಲ್ಲ, ಚಿತ್ರಪಟ. ನಿತ್ಯಪೂಜೆ ನಡೆಯುವುದು ಮುಂದಿರುವ ಪಾದುಕೆಗೆ. ಪಟವನ್ನು ದುರಸ್ತಿ ಮಾಡಿಸಬಹುದು, ಅಲ್ಲಿಯವರೆಗೆ ಬಟ್ಟೆ ಹೊದಿಸಿ ಇಡಿ. ಇಡೀ ಪ್ರಕರಣದ ಮೊದಲ ತಿರುವು ಇದೇ. ಈ ಮಾತು ಬಾರದಿದ್ದರೆ ದುರಸ್ತಿಯ ಪ್ರಶ್ನೆಯೇ ಏಳುತ್ತಿರಲಿಲ್ಲ.

ಮೊದಲ ದುರಸ್ತಿ, ಮತ್ತು ಅದು ಕೆಡಿಸಿದ್ದು

ಮೇ ತಿಂಗಳ ನಡುವೆ ಸ್ಥಳೀಯ ಬಡಗಿಯೊಬ್ಬರು ಕೈಹಚ್ಚಿದರು. ಬಾಗಿಲು ಕಿಟಕಿಯಲ್ಲಿ ಪಳಗಿದ ಕೈ, ಕೆಲಸವೂ ಅಚ್ಚುಕಟ್ಟು. ಸೀಳುಗಳಿಗೆ ಬೀಟೆಯ ತೆಳುಪಟ್ಟಿ ಬಡಿದು ಕೂರಿಸಿದರು. ಸಣ್ಣ ಸಂದುಗಳಿಗೆ ಗರಗಸದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದರು. ಎದ್ದ ತುಂಡುಗಳ ಕೆಳಗೆ ಕ್ಷಣದಲ್ಲಿ ಹಿಡಿಯುವ ಅಂಟು ಬಿಟ್ಟು ಒತ್ತಿದರು. ಮೇಲೆ ಮತ್ತೊಂದು ಕೋಟ್ ಮೆಲಮೈನ್. ಜೂನ್‌ವರೆಗೆ ಎಲ್ಲರಿಗೂ ಸಮಾಧಾನ.

ಆಗಸ್ಟ್‌ನಲ್ಲಿ ಫಲಕ ಬಿಲ್ಲಿನಂತೆ ಬಾಗಿತು. ಗಾಳಿಯ ತೇವ ಹೀರಿದ ಹಲಗೆಗಳು ಹಿಗ್ಗಲು ಜಾಗ ಹುಡುಕಿದವು. ಬೇಸಿಗೆಯಲ್ಲಿ ಬಾಯಿ ಬಿಟ್ಟಿದ್ದ ಸೀಳುಗಳೇ ಆ ಜಾಗ, ಅವನ್ನು ಗಟ್ಟಿ ಮರ ತುಂಬಿ ಮುಚ್ಚಿಯಾಗಿತ್ತು. ಒತ್ತಡ ತಡೆಯದೆ ತೆಳುಪಟ್ಟಿಗಳು ಮೇಲಕ್ಕೆ ಎದ್ದವು, ಪಕ್ಕದ ಹಲಸಿನ ತುಂಡುಗಳ ಅಂಚು ಜಜ್ಜಿತು. ಬಿಗಿ ಅಡ್ಡಪಟ್ಟಿಯ ಎರಡು ಸ್ಕ್ರೂಗಳು ಮರವನ್ನೇ ಕಿತ್ತುಕೊಂಡು ಬಂದವು. ಕ್ಷಣದ ಅಂಟು ಕರಿಮರದ ಮೇಲೆ ಬೂದಿಯಂಥ ಬಿಳಿ ಮಬ್ಬು ಬಿಟ್ಟಿತ್ತು. ನಡುಮುಖ ಅಖಂಡವಾಗಿ ಕಳಚಿ ದೀಪದ ತಟ್ಟೆಯಲ್ಲಿ ಬಿತ್ತು.

ಇದರಲ್ಲಿ ಬಡಗಿಯ ಕೈಯ ದೋಷ ಇಲ್ಲ. ವರ್ಷದ ಅತಿ ಒಣ ಕಾಲದಲ್ಲಿ ಸೀಳು ತುಂಬಿದ್ದು ದೋಷ. ಮೇ ತಿಂಗಳಲ್ಲಿ ಕಾಣುವ ಬಿರುಕು ಅದರ ಅತಿ ದೊಡ್ಡ ಅಳತೆಯಲ್ಲಿರುತ್ತದೆ. ಆ ಅಳತೆಗೆ ತುಂಬಿದರೆ ಉಳಿದ ಎಂಟು ತಿಂಗಳು ಫಲಕಕ್ಕೆ ಉಸಿರಾಡಲು ಎಡೆ ಇರುವುದಿಲ್ಲ.

ಸಲಹೆಗಳ ಸುಗ್ಗಿ

ಈ ಹಂತದಲ್ಲಿ ನಾಲ್ಕು ದಿಕ್ಕಿನಿಂದ ನಾಲ್ಕು ಸಲಹೆ ಬಂದವು. ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದರೆ ಬಾಗುವುದಿಲ್ಲ ಎಂದರು ಒಬ್ಬರು. ಬಾಗದಿರಬಹುದು, ಆದರೆ ಮುಂದಿನ ಬೇಸಿಗೆಯಲ್ಲಿ ಎರಡರ ಬದಲು ನಾಲ್ಕು ಕಡೆ ಸೀಳುತ್ತದೆ. ಎಪಾಕ್ಸಿ ರಾಳ ಸುರಿಯುವ ಮಾತೂ ಬಂತು, ಅದನ್ನು ಮತ್ತೆ ಬಿಚ್ಚಲಾಗುವುದಿಲ್ಲ ಎಂಬ ಕಾರಣಕ್ಕೆ ಅಲ್ಲಿಗೇ ಬಿಟ್ಟರು.

ಮೂರನೆಯದು ಈ ಸೀಮೆಗೇ ವಿಶಿಷ್ಟ. ಕೂರಿಸುವ ಕೆಲಸ ಅಂದರೆ ಬೀದರ್, ಬಿದರಿಯವರನ್ನು ಕರೆಸಿ ಎಂದು. ಕೇಳಲು ಸರಿ ಅನಿಸುತ್ತದೆ, ಆದರೆ ಎರಡು ಕೆಲಸಗಳ ತರ್ಕವೇ ಬೇರೆ. ಬಿದರಿಯಲ್ಲಿ ಸತು ತಾಮ್ರದ ಮಿಶ್ರಲೋಹದಲ್ಲಿ ಗಾಡಿ (ಸಣ್ಣ ತೋಡು) ಕೊರೆದು ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮೆತ್ತಗಿನ ಬೆಳ್ಳಿ ಗಾಡಿಯೊಳಗೆ ಹರಡಿ ತಾನೇ ಹಿಡಿದುಕೊಳ್ಳುತ್ತದೆ, ತಳ ಅಲುಗುವುದಿಲ್ಲ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪು ಕೂತಿರುವುದೂ ಕರಿಗಲ್ಲಿನಲ್ಲಿ. ಕಲ್ಲು ಮಳೆಗಾಲಕ್ಕೆ ಹಿಗ್ಗುವುದಿಲ್ಲ. ಮರದಲ್ಲಿ ಮಾತ್ರ ತಳವೂ ಅಲುಗುತ್ತದೆ, ತುಂಡೂ ಅಲುಗುತ್ತದೆ, ಎರಡರ ನಡುವೆ ಇರುವುದು ಅಂಟೊಂದೇ.

ನಾಲ್ಕನೆಯ ಸಲಹೆ ಮೂಲ ಕುಶಲಕರ್ಮಿಯದು. ಮೈಸೂರಿಗೆ ಕಳಿಸಿ, ಸರಿ ಮಾಡಿ ಕೊಡುತ್ತೇನೆ ಎಂದರು. ನಿಯತ್ತಿನ ಮಾತು, ಮನೆಯವರು ಪ್ಯಾಕಿಂಗ್‌ಗೂ ಹೇಳಿದ್ದರು. ಅಷ್ಟರಲ್ಲಿ ಹಿಂಬದಿಗೆ ಸೂಜಿಮೊನೆಯ ತೇವಮಾಪಕ ಚುಚ್ಚಿ ನೋಡಿದ್ದರಿಂದ ಲೆಕ್ಕ ಬದಲಾಯಿತು.

ಅಳತೆ ಹೇಳಿದ್ದು

ಸೆಪ್ಟೆಂಬರ್ ಮೊದಲಲ್ಲಿ ಮರದ ತೇವಾಂಶ 13 ಶೇಕಡ ಇತ್ತು. ಗಾಳಿಯ ಆರ್ದ್ರತೆ 75 ಶೇಕಡದ ಸುತ್ತ ಇದ್ದರೆ ಮರ 14ರ ಹತ್ತಿರ ನಿಲ್ಲುತ್ತದೆ, 25ಕ್ಕೆ ಇಳಿದರೆ 5ರ ಹತ್ತಿರ. ಕಲಬುರಗಿಯ ಏಪ್ರಿಲ್ ಮೇ ಮಧ್ಯಾಹ್ನ, ಹೊರಗೆ 42 ಡಿಗ್ರಿ ಇರುವಾಗ, ಆರ್ದ್ರತೆ 25ರ ಆಚೀಚೆಗೇ ಇಳಿಯುವುದು ಸಾಮಾನ್ಯ. ಪಾಲಿಷ್ ತಡೆಯುವುದರಿಂದ ಫಲಕ ಪೂರ್ತಿ ಅಲ್ಲಿಗೆ ಇಳಿಯದೆ 6–7ರಲ್ಲಿ ನಿಂತಿತು ಎಂದುಕೊಳ್ಳೋಣ. ಮೈಸೂರು ಬಿಟ್ಟಾಗ 12 ಇದ್ದಿರಬೇಕು. ವ್ಯತ್ಯಾಸ ಕನಿಷ್ಠ ಐದು.

ಬೀಟೆ ಸ್ವಭಾವತಃ ಸ್ಥಿರ ಮರಗಳ ಸಾಲಿನದು. ಆದರೂ ಎಳೆಗೆ ಅಡ್ಡವಾಗಿ, ಒಂದು ಶೇಕಡ ತೇವ ಹೋದರೆ ಸುಮಾರು 0.15 ಶೇಕಡ ಕುಗ್ಗುತ್ತದೆ. ಐದು ಹೋದರೆ 0.75. ಮೂರು ಅಡಿ, ಅಂದರೆ 914 ಮಿಲಿಮೀಟರ್ ಅಗಲದ ಫಲಕಕ್ಕೆ ಅದು ಏಳು ಮಿಲಿಮೀಟರಿಗೆ ಹತ್ತಿರ. ಅಂಟು ಸ್ಕ್ರೂ ಎರಡೂ ಹಾಕಿದ ಅಡ್ಡಪಟ್ಟಿಯ ಎಳೆ ಅದೇ ಅಗಲದ ಉದ್ದಕ್ಕೆ ಓಡುತ್ತದೆ, ಎಳೆಯುದ್ದಕ್ಕೆ ಮರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಲಗೆ ಕುಗ್ಗಬೇಕು, ಪಟ್ಟಿ ಬಿಡುವುದಿಲ್ಲ. ಎರಡು ಸೀಳುಗಳ ಬಾಯಿ ಕೂಡಿಸಿದರೆ ಐದೂವರೆ ಮಿಲಿಮೀಟರ್ ಬಂತು. ಲೆಕ್ಕ ತಾಳೆಯಾಯಿತು.

ಹಸು ಎದ್ದ ಕಾರಣವೂ ಇದೇ ಲೆಕ್ಕದೊಳಗಿದೆ. 28 ಸೆಂಟಿಮೀಟರ್ ಉದ್ದದ ಮೈಯನ್ನು ಒಂದೇ ತುಂಡಿನಲ್ಲಿ, ಎಳೆ ಅಡ್ಡಕ್ಕೆ ಬರುವಂತೆ ಕೊಯ್ದಿದ್ದರು. ಎಳೆ ಬೆನ್ನಿನ ಗುಂಟ ಓಡಿದರೆ ಚಂದ ಕಾಣುತ್ತದೆ ಎಂಬುದು ಅದರ ಹಿಂದಿನ ಯೋಚನೆ, ಮತ್ತು ಅದು ಚಂದವೇ. ಆದರೆ ಕೆಳಗಿನ ತಳ ಎರಡು ಮಿಲಿಮೀಟರ್ ಒಳಗೆ ಸರಿದಾಗ ಹಸುವಿಗೆ ಮೇಲೇಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಪ್ಲಾಸ್ಟಿಕ್ ತುಂಡುಗಳದು ಇನ್ನೂ ಕಷ್ಟ. ತೇವ ಹೋದರೂ ಅವು ಕುಗ್ಗುವುದಿಲ್ಲ, ಮರಕ್ಕೆ ಹಚ್ಚುವ ಬಿಳಿ ಅಂಟು ಅವುಗಳ ನುಣುಪು ಮೈಯನ್ನು ಹಿಡಿಯುವುದೂ ಇಲ್ಲ. ಗುಳಿ ಕಿರಿದಾಯಿತು, ತುಂಡು ಹೊರಗೆ ಜಿಗಿಯಿತು.

ಇಷ್ಟಾದರೂ ಒಂದು ಸಂಗತಿ ಬಿಡಿಸದೆ ಉಳಿದಿತ್ತು. ಫಲಕದ ಎಡಭಾಗ ಬಲಭಾಗಕ್ಕಿಂತ ಹೆಚ್ಚು ಕೆಟ್ಟಿದ್ದು ಯಾಕೆ? ಉತ್ತರ ಸಿಕ್ಕಿದ್ದು ಕೋಣೆಯಲ್ಲಿ. ಹಾಲ್‌ನ ಕಿಟಕಿಗೆ ಕೂಲರ್ ಇತ್ತು, ಅದರ ಗಾಳಿ ತೆರೆದ ಬಾಗಿಲಿನಿಂದ ನೇರ ಫಲಕದ ಎಡಕ್ಕೆ ಬಡಿಯುತ್ತಿತ್ತು. ಖಸ್ ಪ್ಯಾಡಿನ ನೀರು ತುಂಬಿದ ಗಾಳಿಯಲ್ಲಿ ಆರ್ದ್ರತೆ 70 ದಾಟುತ್ತದೆ. ಬೆಳಿಗ್ಗೆ 30, ಕೂಲರ್ ಹಚ್ಚಿದ ಮಧ್ಯಾಹ್ನ 70, ನೀರು ತೀರಿದ ಮೇಲೆ ಮತ್ತೆ 30. ಋತುಮಾನದ ಏರಿಳಿತಕ್ಕೆ ಮರ ನಿಧಾನ ಹೊಂದಿಕೊಳ್ಳುತ್ತದೆ, ದಿನದಿನದ ಈ ಜಗ್ಗಾಟಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ತೆಳು ತುಂಡುಗಳ ಅಂಟು ಮೊದಲು ಸೋಲುತ್ತದೆ. ಕಲಬುರಗಿ, ಯಾದಗಿರಿ ಕಡೆ ಬೇಸಿಗೆಯಲ್ಲಿ ಕೂಲರ್ ಇಲ್ಲದ ಹಾಲ್ ವಿರಳ, ಮೈಸೂರಿನ ಕಾರ್ಯಾಗಾರಕ್ಕೆ ಇದು ಊಹೆಗೂ ಬರುವ ವಿಷಯ ಅಲ್ಲ.

ಇದರ ನಂತರ ಫಲಕವನ್ನು ಮೈಸೂರಿಗೆ ಕಳಿಸುವ ಯೋಚನೆ ಕೈಬಿಟ್ಟರು. ಅಲ್ಲಿ ಸರಿಮಾಡಿದ್ದು ಅಲ್ಲಿನ ಗಾಳಿಗೆ ಸರಿಯಾಗಿರುತ್ತದೆ. ತುಂಡುಗಳು ಅಲ್ಲಿ ಕೊಯ್ದು ಬರಲಿ, ಕೂರಿಸುವುದು ಕಲಬುರಗಿಯಲ್ಲೇ ಆಗಲಿ ಎಂದು ತೀರ್ಮಾನವಾಯಿತು.

ಎರಡನೆಯ ದುರಸ್ತಿ

ಅಡ್ಡಪಟ್ಟಿಗಳನ್ನು ಮೊದಲು ತೆಗೆದರು. ಸ್ಕ್ರೂ ಬಿಚ್ಚಿ, ಅಂಟಿನ ಸಂದಿಗೆ ತೆಳು ಗರಗಸ ಹಾಕಿ ಕೊಯ್ದರೇ ಹೊರತು ಉಳಿಯಿಂದ ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ಮುಂಬದಿಯ ಗುಳಿಗಳ ಕೆಳಗೆ ಉಳಿದ ಮರ ಒಡೆಯುವ ಭಯ. ಪಟ್ಟಿ ಹೋದ ಎರಡನೆಯ ವಾರಕ್ಕೆ ಬಾಗು ಅರ್ಧಕ್ಕಿಳಿಯಿತು.

ಕ್ಷಣದ ಅಂಟನ್ನು ಅಸಿಟೋನ್ ಮೆದುಮಾಡುತ್ತದೆ. ಆದರೆ ಅದೇ ಅಸಿಟೋನ್ ಬಿಳಿ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಬಿದ್ದ ಕೈಯೊಂದರ ಹಿಂಬದಿಗೆ ಹತ್ತಿಯಿಂದ ಮುಟ್ಟಿಸಿ ನೋಡಿದರು, ಮೈ ಜಿಡ್ಡಾಗಿ ಮಬ್ಬಾಯಿತು. ಹಳೆಯ ಮುಖಗಳನ್ನು ಉಳಿಸಿಕೊಂಡರೆ ಅಂಟು ತೆಗೆಯುವಂತಿಲ್ಲ, ಅಂಟು ತೆಗೆದರೆ ಮುಖ ಉಳಿಯುವುದಿಲ್ಲ. ಹಿರಿಯರಿಗೆ ಒಪ್ಪಿಗೆ ಇರಲಿಲ್ಲ, ಮುಖ ಬದಲಾದರೆ ದೇವರು ಬದಲಾದಂತೆ ಎಂಬ ಅಳುಕು. ಕೊನೆಗೆ ಹಳೆಯ ಮುಖಗಳ ರೇಖೆಗಳನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಕಣ್ಣಿನ ಗೆರೆಯೂ ಸೇರಿ ಅದೇ ಅಳತೆಯಲ್ಲಿ ಹೊಸದು ಮಾಡುವುದೆಂದು ನಿಶ್ಚಯವಾಯಿತು. ಪ್ಲಾಸ್ಟಿಕ್ ಬದಲು ಹಾಲೆ ಮರ. ಚನ್ನಪಟ್ಟಣದ ಬೊಂಬೆಗೆ ಬಳಸುವ ಅದೇ ಬಿಳಿ, ನುಣುಪು ಎಳೆಯ ಮರ.

ತುಂಡುಗಳು ದಸರೆ ಕಳೆದು ಬಂದವು. ಬಂದಕೂಡಲೇ ಕೂರಿಸಲಿಲ್ಲ, ಫಲಕದ ಪಕ್ಕದಲ್ಲೇ ಜಾಳಿಗೆಯ ಮೇಲೆ ಹರಡಿ ಬಿಟ್ಟರು. ಇಲ್ಲೊಂದು ಜಗ್ಗಾಟ. ಮನೆಯವರಿಗೆ ದತ್ತ ಜಯಂತಿಗೆ ಪಟ ಮರಳಿ ಗೋಡೆಗೆ ಏರಬೇಕಿತ್ತು. ಅಷ್ಟೊತ್ತಿಗೆ ಮಾಪಕ 11 ತೋರಿಸುತ್ತಿತ್ತು. ಬೇಸಿಗೆಯ 6, ಮಳೆಗಾಲದ 13, ಇವೆರಡರ ನಡುವೆ 9ರಿಂದ 10ರೊಳಗೆ ಕೂರಿಸಿದರೆ ಹಿಗ್ಗಲೂ ಕುಗ್ಗಲೂ ಸಮ ಎಡೆ ಸಿಗುತ್ತದೆ. ಜಯಂತಿಗೆ ಪಾದುಕೆಯ ಹಿಂದೆ ಗೋಡೆ ಖಾಲಿಯೇ ಇತ್ತು. ಎಳ್ಳ ಅಮಾವಾಸ್ಯೆ ಹೊತ್ತಿಗೆ ಮಾಪಕ ಒಂಬತ್ತೂವರೆಗೆ ಬಂತು, ಮೈಸೂರಿನ ಕುಶಲಕರ್ಮಿ ಬಂದು ಸ್ಥಳೀಯ ಬಡಗಿಯೊಂದಿಗೆ ಕೂತು ಕೆಲಸ ಮುಗಿಸಿದರು. ಎಲ್ಲ ಬಿಟ್ಟು ಯಾವ ಅಂಟು ಎಂದು ಕೇಳುವವರು ಬಹಳ. ಈ ಪ್ರಕರಣದಲ್ಲಿ ಅಂಟಿಗಿಂತ ಆ ಕಾಯುವಿಕೆಯೇ ಹೆಚ್ಚು ಕೆಲಸ ಮಾಡಿತು.

ಅಂಟಿನ ವಿಷಯವನ್ನೂ ಹೇಳಬೇಕು. ಸರೇಸು (ಪ್ರಾಣಿಯ ಚರ್ಮ, ಮೂಳೆಯಿಂದ ಮಾಡುವ ಅಂಟು) ಬಿಚ್ಚಲು ಸುಲಭವಾದರೂ ಅತಿ ಒಣ ಹವೆಯಲ್ಲಿ ಪೆಡಸಾಗಿ ಸಿಡಿಯುತ್ತದೆ, ಈ ಊರಿಗೆ ಒಗ್ಗದು. ಮಾಮೂಲಿ ಬಿಳಿ ಅಂಟನ್ನೇ ಬಳಸಿದರು. ಬೀಟೆಯಲ್ಲಿ ಎಣ್ಣೆಯಂಥ ಅಂಶ ಇರುವುದರಿಂದ ಗುಳಿಯನ್ನು ಅಸಿಟೋನ್‌ನಲ್ಲಿ ಒರೆಸಿ, ಆರಿದ ತಕ್ಷಣ ಅಂಟು ಹಚ್ಚಬೇಕು. ಸಣ್ಣ ತುಂಡುಗಳಿಗೆ ತಳವಿಡೀ ಅಂಟು, ತುಂಡಿನ ಎಳೆ ತಳದ ಎಳೆಗೆ ಸಮಾನಾಂತರ. ಹಸುವನ್ನು ಐದು ತುಂಡು ಮಾಡಿದರು: ಕತ್ತು, ಭುಜ, ಹೊಟ್ಟೆ, ತೊಡೆ, ಬಾಲದ ಬುಡ. ಕೊಯ್ತದ ಗೆರೆಗಳು ಮೊದಲೇ ಚಿತ್ರದಲ್ಲಿದ್ದ ಹಾರದ ಗುಂಟ, ತೊಡೆಯ ಮಡಿಕೆಯ ಗುಂಟ ಬಂದವು. ಪ್ರತಿ ತುಂಡಿಗೆ ನಡುವೆ ಮಾತ್ರ ಒಂದು ಪಟ್ಟಿಯಷ್ಟು ಅಂಟು, ಅಂಚು ಸಡಿಲ. ತುಂಡುಗಳ ನಡುವಿನ ಸಂದು 0.4 ಮಿಲಿಮೀಟರ್, ಅದಕ್ಕೆ ಕಾಡಿಗೆ ಬೆರೆಸಿದ ಜೇನುಮೇಣ. ದೂರಕ್ಕೆ ಅದು ಬರೆದ ಗೆರೆಯಂತೆಯೇ ಕಾಣುತ್ತದೆ.

ಬಿಳಿ ಮರದ ಪಕ್ಕ ಬೀಟೆ ಇದ್ದರೆ ಪಾಲಿಷ್ ಹೊತ್ತಿನಲ್ಲಿ ಅಪಾಯ ಜಾಸ್ತಿ. ಉಜ್ಜುಕಾಗದ ಹಾಕಿದರೆ ಬೀಟೆಯ ಕಪ್ಪುಗೆಂಪು ಪುಡಿ ಹಾಲೆಯ ರಂಧ್ರಕ್ಕೆ ಇಳಿದು ಮುಖ ಕೊಳೆಯಾಗುತ್ತದೆ. ಸ್ಪಿರಿಟ್ ತಾಗಿದರೆ ಬೀಟೆಯ ಬಣ್ಣ ಕರಗಿ ಹರಿಯುತ್ತದೆ. ಆದ್ದರಿಂದ ಕೂರಿಸುವ ಮೊದಲೇ ಪ್ರತಿ ಬಿಳಿ ತುಂಡಿನ ಮೇಲ್ಮೈಗೂ ಅಂಚಿಗೂ ತೆಳು ಅರಗಿನ ಲೇಪ ಕೊಟ್ಟರು. ಸಮ ಮಾಡಿದ್ದು ಉಕ್ಕಿನ ಸ್ಕ್ರೇಪರ್‌ನಿಂದ, ಮುಖದಿಂದ ಹೊರಕ್ಕೆ, ಎಂದೂ ಬೀಟೆಯಿಂದ ಮುಖದ ಕಡೆಗೆ ಅಲ್ಲ. ಹೆರೆದ ಮೇಲೆ ಮತ್ತೆ ಅರಗು, ಅದರ ಮೇಲೆ ಮಸಿಯ ಗೆರೆ, ಎಲ್ಲ ಆದಮೇಲೆ ಕಣ್ಣು.

ಹಳೆಯ ಸೀಳುಗಳಲ್ಲಿ ಕೂಡಿಕೆಯದನ್ನು ಬಿಚ್ಚಿ ಮತ್ತೆ ಕೂಡಿಸಿದರು. ಹಲಗೆಯ ನಡುವಿನದಕ್ಕೆ ತೆಳುಪಟ್ಟಿ ಹಾಕಿ, ಒಂದೇ ಪಕ್ಕಕ್ಕೆ ಅಂಟಿಸಿದರು. ಹಿಂಬದಿಯ ಅಡ್ಡಪಟ್ಟಿಗೆ ಈ ಸಲ ಅಂಟಿಲ್ಲ. ನಡುವಿನ ಸ್ಕ್ರೂ ಬಿಗಿ, ಉಳಿದವಕ್ಕೆ 12 ಮಿಲಿಮೀಟರ್ ಉದ್ದದ ತೂತು ಮತ್ತು ವಾಷರ್. ಸುತ್ತ ಗಾಡಿಯಿರುವ ಚೌಕಟ್ಟು ಬಂತು, ಎರಡೂ ಬದಿಗೆ ಐದೈದು ಮಿಲಿಮೀಟರ್ ಎಡೆ ಬಿಟ್ಟು. ಹಿಂಬದಿಗೂ ಮುಂಬದಿಯಷ್ಟೇ ಪಾಲಿಷ್.

ಜಾಗವೂ ಬದಲಾಯಿತು. ಪಶ್ಚಿಮದ ಗೋಡೆ ಬಿಟ್ಟು ಒಳಗೋಡೆಗೆ, ಹಿಂದೆ ಎರಡು ಸೆಂಟಿಮೀಟರ್ ಗಾಳಿ ಆಡುವಂತೆ. ಕೂಲರ್ ಓಡುವಾಗ ದೇವರ ಕೋಣೆಯ ಬಾಗಿಲು ಮುಚ್ಚುವುದು. ಕುಂಕುಮ, ಗಂಧ ಮುಂದಿನ ಹಿತ್ತಾಳೆ ತಟ್ಟೆಗೆ ಮಾತ್ರ, ಒದ್ದೆ ಬಟ್ಟೆ ಬಂದ್.

ಆಮೇಲೆ

ಮುಂದಿನ ಬೇಸಿಗೆಯಲ್ಲಿ ಚೌಕಟ್ಟಿನ ಎಡೆ ಪ್ರತಿ ಬದಿಗೆ ಸುಮಾರು ಎರಡು ಮಿಲಿಮೀಟರ್ ಹಿಗ್ಗಿತು, ಹೊಸ ಸೀಳು ಬರಲಿಲ್ಲ. ಮಳೆಗಾಲದಲ್ಲಿ ಆ ಎಡೆ ಕಿರಿದಾಯಿತು, ಬಾಗು ಕಾಣಲಿಲ್ಲ. ಒಂದು ನಾಯಿಯ ಬಾಲ ಬಿಟ್ಟುಕೊಂಡಿತು. ಮೊದಲ ದುರಸ್ತಿಯ ಅಂಟು ಗುಳಿಯ ಮೂಲೆಯಲ್ಲಿ ಉಳಿದಿತ್ತು, ಹೆರೆದು ಮತ್ತೆ ಕೂರಿಸಿದ್ದಾಯಿತು. ಹಸುವಿನ ಮೇಣ ಮೇ ತಿಂಗಳಲ್ಲಿ ಮೆದುವಾಗಿ ಧೂಳು ಹಿಡಿಯುತ್ತದೆ, ಆಗಾಗ ತೆಗೆದು ತುಂಬಬೇಕು. ಹಾಲೆ ಮರ ಬೆಳಕಿಗೆ ಕೆನೆ ಬಣ್ಣಕ್ಕೆ ತಿರುಗುತ್ತಿದೆ. ಹಿರಿಯರು ಈಗಲೂ ಎಡಮುಖ ಮೊದಲಿನಂತಿಲ್ಲ ಅನ್ನುತ್ತಾರೆ. ಟ್ರೇಸಿಂಗ್ ಪಕ್ಕಕ್ಕಿಟ್ಟು ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ, ಹುಬ್ಬಿನ ಗೆರೆ ತುಸು ದಪ್ಪವಾಗಿದೆ.

ದುರಸ್ತಿಗೆ ಹೋದದ್ದು ಫಲಕದ ಮೂಲ ಬೆಲೆಯ ಮೂರನೆಯ ಒಂದು ಪಾಲು. ಅಪ್ಪಟ ಮರ ಎಂಬ ಹಟ ಬಿಟ್ಟು, ನೀರು ತಡೆಯುವ ಒಳ್ಳೆಯ ಪ್ಲೈ ಮೇಲೆ ಎರಡೂ ಬದಿಗೆ ಬೀಟೆಯ ಹೊದಿಕೆ ಹಾಕಿಸಿದ್ದರೆ ಇದರಲ್ಲಿ ಬಹುಪಾಲು ಉಳಿಯುತ್ತಿತ್ತು. ಈ ಸೀಮೆಗೆ ದೊಡ್ಡ ಫಲಕಕ್ಕೆ ಅದೇ ಮೇಲು. ಎರಡು ಅಡಿಯೊಳಗಿನ ಫಲಕಕ್ಕಾದರೆ ಗಟ್ಟಿ ಹಲಗೆ ನಡೆಯುತ್ತದೆ, ಅಡ್ಡಪಟ್ಟಿ ಸಡಿಲ ಇರಬೇಕು ಅಷ್ಟೆ.

ಅದೇ ಮನೆಯವರ ಬಂಧುಗಳು ಈಗ ಗಣಪತಿಯ ಫಲಕಕ್ಕೆ ಹೇಳಿದ್ದಾರೆ. ಆರ್ಡರ್ ಚೀಟಿಯಲ್ಲಿ ಚಿತ್ರದ ಅಳತೆ, ಬೆಲೆ ಜೊತೆಗೆ ಕೆಲವು ಸಾಲು ಹೊಸದಾಗಿ ಸೇರಿವೆ: ಪ್ಲೈ ತಳ, ಹಿಂಬದಿಗೂ ಹೊದಿಕೆ ಮತ್ತು ಪಾಲಿಷ್, ಬಿಳಿ ಭಾಗಕ್ಕೆ ಹಾಲೆ, ಅಂಗೈಗಿಂತ ದೊಡ್ಡ ತುಂಡು ಬೇಡ, ಕಳಿಸುವ ದಿನದ ತೇವಾಂಶ ಬರೆದು ಕೊಡಬೇಕು. ಗಣಪತಿಯ ಹೊಟ್ಟೆ ಒಂದೇ ತುಂಡಿನಲ್ಲಿ ಬರದಿದ್ದರೆ ಚಂದ ಕೆಡುತ್ತದೆ ಎಂದು ಕುಶಲಕರ್ಮಿ ತಕರಾರು ತೆಗೆದಿದ್ದಾರೆ. ಉದರಬಂಧದ ಹಾವಿನ ಗುಂಟ ಎರಡು ಮಾಡಬಹುದೇ ಎಂಬ ಮಾತು ನಡೆದಿದೆ.